ಆಷಾಢದಲ್ಲಿ ಅಳೆದದ್ದು

ಜೂನ್ 27, ಶುಕ್ರವಾರ

ನನ್ನ ಕುರ್ಚಿ ಹೋಯಿತು.

ಆಷಾಢ ಹಿಡಿದಿದೆ, ಇನ್ನೊಂದು ತಿಂಗಳು ಮದುವೆ ಇಲ್ಲ, ಸ್ಟುಡಿಯೋದಲ್ಲಿ ಕೂತು ಬಾಕಿ ಆಲ್ಬಮ್ ಮುಗಿಸೋಣ ಎಂದುಕೊಂಡಿದ್ದೆ. ಹನ್ನೊಂದರ ಸುಮಾರಿಗೆ ಬ್ಯಾಡಗಿಯ ಕೊಟ್ರಪ್ಪ ಸಾಹುಕಾರರ ಕಾರು ಬಾಗಿಲಿಗೆ ಬಂದು ನಿಂತಿತು. ಇಳಿದವಳು ಅವರ ಮಗಳು ಸ್ನೇಹಾ. ಹೈಸ್ಕೂಲಿನಲ್ಲಿ ಅವಳು ರಾಣೇಬೆನ್ನೂರಿನ ಅಜ್ಜಿ ಮನೆಯಲ್ಲಿದ್ದಾಗ ಮೂರು ವರ್ಷ ನನ್ನ ಮುಂದಿನ ಬೆಂಚಿನಲ್ಲಿ ಕೂತವಳು. ಏಳು ವರ್ಷದ ಮೇಲೆ ನೋಡಿದೆ. ಕನ್ನಡಕ ಬಂದಿದೆ. ಅದು ಅವಳಿಗೆ ಒಪ್ಪುತ್ತದೆ, ಅದೇ ಬೇಸರ.

ಹಾವೇರಿಯಲ್ಲಿ ಎಂ.ಎಸ್ಸಿ. ಓದುತ್ತಾಳೆ. ಪ್ರಾಜೆಕ್ಟಿಗೆ ಕಂಪ್ಯೂಟರಿನಲ್ಲಿ ಏನನ್ನೋ ದಿನಗಟ್ಟಲೆ ಓಡಿಸಬೇಕಂತೆ. ಅದಕ್ಕೆ ಬೇಕಾದ ಗ್ರಾಫಿಕ್ಸ್ ಕಾರ್ಡು ನಾನು ಮದುವೆ ವಿಡಿಯೋ ಎಡಿಟ್ ಮಾಡುವ ಮಷೀನಿನಲ್ಲಿದೆ. ಅವಳ ಅಕ್ಕನ ಮದುವೆ ಶೂಟ್ ಮಾಡಿದ್ದು ಸ್ಟುಡಿಯೋ ಮಾಲೀಕ ಶಶಿಕಾಂತಣ್ಣನೇ. ಜುಲೈ ಇಪ್ಪತ್ತರವರೆಗೆ ತಗೊಳ್ಳಿ ಎಂದುಬಿಟ್ಟ. ನನ್ನನ್ನು ಕೇಳಲಿಲ್ಲ. ಅವಳಿಗೆ ನನ್ನ ಕುರ್ಚಿ, ನನಗೆ ಪಾಸ್‌ಪೋರ್ಟ್ ಫೋಟೋಕ್ಕೆ ಜನರನ್ನು ಕೂರಿಸುವ ಸ್ಟೂಲು. ಅವಳಿಗೆ ಚಹಾ ಪಿಂಗಾಣಿ ಕಪ್ಪಿನಲ್ಲಿ ಬಂತು. ಆ ಕಪ್ಪು ನಮ್ಮಲ್ಲಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ.

"ಲೇ ದೀಪಿ, ನೀ ಇಲ್ಲಿ ಇರ್ತಿ ಅಂತ ಗೊತ್ತಿದ್ರ ಮೊದಲ ಫೋನ್ ಮಾಡ್ತಿದ್ದೆ" ಎಂದಳು.

ಎಲ್ಲಿರುತ್ತೇನೆ ಎಂದುಕೊಂಡಿದ್ದಳೋ.

ಜುಲೈ 1, ಮಂಗಳವಾರ

ಮಷೀನು ನಾಲ್ಕು ದಿನದಿಂದ ಬಂದ್ ಆಗಿಲ್ಲ. ಫ್ಯಾನಿನ ಸದ್ದು ಹಿಟ್ಟಿನ ಗಿರಣಿಯಂತೆ. ಏನು ಓಡುತ್ತಿದೆ ಎಂದು ಕೇಳಬಾರದು ಎಂದು ಹಟ ಹಿಡಿದಿದ್ದೆ, ಇವತ್ತು ಬಾಯಿ ತಡೆಯಲಿಲ್ಲ.

ಮೆಣಸಿನಕಾಯಿ ಕೊರೆಯುವ ಹುಳುವಿಗೆ ಎಷ್ಟು ಔಷಧ ಹೊಡೆದರೂ ಸಾಯುವುದಿಲ್ಲವಲ್ಲ, ಅದರ ಹೊಟ್ಟೆಯಲ್ಲಿ ಔಷಧ ಅರಗಿಸುವ ಒಂದು ಪ್ರೋಟೀನು ಇದೆಯಂತೆ. ಎರಡು ತುಂಡು, ಒಂದಕ್ಕೊಂದು ಅಂಟಿಕೊಂಡಿವೆ. ಬಿಟ್ಟು ಹೋದರೆ ಕೆಲಸ ಮಾಡುವುದಿಲ್ಲ. ಕಂಪ್ಯೂಟರಿನೊಳಗೆ ನೀರು ತುಂಬಿದ ಒಂದು ಡಬ್ಬಿ, ಅದರಲ್ಲಿ ಈ ಪ್ರೋಟೀನು. ಮೊದಲು ಅದೊಂದನ್ನೇ ಓಡಿಸುವುದು, ಆಮೇಲೆ ಬೇವಿನ ಬೀಜದ ಒಂದು ಅಂಶ ಸೇರಿಸಿ ಓಡಿಸುವುದು. ಬೇವು ಸೇರಿದಾಗ ಪ್ರೋಟೀನು ಹಿಗ್ಗಿದರೆ ತುಂಡುಗಳು ಬಿಡುತ್ತಿವೆ ಎಂದು ಅರ್ಥ.

ಹಿಗ್ಗಿದ್ದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ.

"ಎಲ್ಲಾ ಪರಮಾಣುಗಳ ನಟ್ಟನಡುವ ಒಂದು ಬಿಂದು ಹಿಡಿ. ಅಲ್ಲಿಂದ ಒಂದೊಂದು ಎಷ್ಟು ದೂರ ಐತಿ ನೋಡು. ಆ ದೂರದ ವರ್ಗ ಮಾಡು, ಭಾರದ್ದಕ್ಕ ಹೆಚ್ಚು ಕಿಮ್ಮತ್ತು ಕೊಟ್ಟು ಸರಾಸರಿ ತಗಿ, ಅದರ ವರ್ಗಮೂಲ. ರೇಡಿಯಸ್ ಆಫ್ ಜೈರೇಶನ್ ಅಂತಾರ. ಇದರದು ಎರಡು ಪಾಯಿಂಟ್ ಎರಡು ನ್ಯಾನೊಮೀಟರ್."

ಅಷ್ಟಕ್ಕೆ ನಿಲ್ಲಿಸಿ, "ತಿಳೀತಿಲ್ಲೋ?" ಎಂದಳು. ತಿಳಿಯಿತು. ಕುರಿಹಿಂಡು ಎಷ್ಟು ಹರಡಿದೆ ಎಂದು ಅಳೆದ ಹಾಗೆ. ಹೇಳಲಿಲ್ಲ. ಕುರಿ ಕಾಯುವವರ ಮಗಳು ಕುರಿ ಲೆಕ್ಕವನ್ನೇ ಹೇಳಿದಳು ಎಂದಾಗಬಾರದು.

ಜುಲೈ 3, ಗುರುವಾರ

ಶಶಿಯಣ್ಣ ಅವಳನ್ನು ಮೇಡಂ ಅನ್ನುತ್ತಾನೆ. ನನಗಿಂತ ಅವಳು ನಾಲ್ಕು ತಿಂಗಳು ಚಿಕ್ಕವಳು.

ಇವತ್ತು ನಾಲ್ಕು ಸಲ ಕರೆಂಟು ಹೋಯಿತು. ಯುಪಿಎಸ್ ತಡೆಯಲಿಲ್ಲ, ಬೇವಿನ ಓಟ ನಡುವೆ ನಿಂತಿತು. ಅವಳ ಮುಖ ಸಣ್ಣದಾಯಿತು. ನನಗೆ ಖುಷಿಯಾಯಿತು. ಬರೆದುಬಿಟ್ಟೆ, ಇರಲಿ. ಆಮೇಲೆ ನಾನೇ ಜನರೇಟರ್ ಅಂಗಡಿಯ ಇಸ್ಮಾಯಿಲಸಾಬರಿಂದ ದೊಡ್ಡ ಬ್ಯಾಟರಿ ಹೊರಿಸಿಕೊಂಡು ಬಂದೆ. ಅದು ಅವಳಿಗಾಗಿ ಅಲ್ಲ. ಮಷೀನು ನನ್ನದು.

ಜುಲೈ 6, ಭಾನುವಾರ

ರಜೆ. ನಮ್ಮೂರು ದೇವರಗುಡ್ಡದಲ್ಲೇ ಇದ್ದೆ. ಅವ್ವ ರೊಟ್ಟಿ ಬಡಿಯುತ್ತ, ಕೊಟ್ರಪ್ಪನ ಮಗಳು ನಿಮ್ಮ ಅಂಗಡಿಗೆ ಬರುತ್ತಾಳಂತೆ, ಎಷ್ಟು ಓದ್ಯಾಳಂತೆ, ಎಂದಳು. ಎರಡನೇ ರೊಟ್ಟಿ ಬಿಟ್ಟು ಎದ್ದು ಅಪ್ಪನಿಗೆ ಬುತ್ತಿ ಒಯ್ದೆ.

ಬಿಸಿಲು ಬಿದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ತೂರಿಸಿ ಒತ್ತೊತ್ತಾಗಿ ನಿಲ್ಲುತ್ತವಲ್ಲ, ಹಾಗೆ ನಿಂತಿದ್ದವು. ನಡುವಿನ ಕುರಿಯಿಂದ ಹೊರಕ್ಕೆ ಹೆಜ್ಜೆ ಎಣಿಸಿದೆ. ಹತ್ತು ಕುರಿಗೆ ಹತ್ತು ಅಳತೆ. ವರ್ಗ ಮಾಡಿ, ಸರಾಸರಿ ತೆಗೆದು, ಫೋನಿನಲ್ಲಿ ವರ್ಗಮೂಲ ಒತ್ತಿದೆ. ನಾಲ್ಕು ಹೆಜ್ಜೆ ಚಿಲ್ಲರೆ. ಬಿಸಿಲು ಇಳಿದು ಮೇಯತೊಡಗಿದ ಮೇಲೆ ಮತ್ತೆ ಅಳೆದೆ. ಇಪ್ಪತ್ತೊಂಬತ್ತು. ನಡುವೆ ಇನ್ನೂ ಮೂರು ಸಲ ಅಳೆದಿದ್ದೆ: ಏಳು, ಹದಿಮೂರು, ಇಪ್ಪತ್ತೆರಡು. ಹಿಂಡು ಒಮ್ಮೆಗೇ ಬಿಚ್ಚುವುದಿಲ್ಲ. ಅಪ್ಪ ಎಲೆಅಡಿಕೆ ಹಾಕಿ ಉಗುಳುವಷ್ಟು ಹೊತ್ತು ಹಿಡಿಯುತ್ತದೆ.

ಅಪ್ಪ ನೋಡಿ ನೋಡಿ ಕೇಳಿದ. "ಏನ ಅಳ್ಯಾಕತ್ತಿ ಬೇ? ಯಾರಿಗರ ಮಾರಾಕ ಮಾತಾಡಿಯೇನು?"

ಜುಲೈ 8, ಮಂಗಳವಾರ

ಬೇವಿನ ಓಟ ಮುಗಿಯಿತು. ಕರೆಂಟು ಹೋಗಿದ್ದರಿಂದ ಎರಡು ಭಾಗದಲ್ಲಿ ಓಡಿತ್ತು. ಸ್ನೇಹಾ ಜೋಡಿಸಿ ಗ್ರಾಫ್ ತೆಗೆದಳು. ಅರ್ಧದವರೆಗೆ ಎರಡು ಪಾಯಿಂಟ್ ಎರಡರಲ್ಲೇ ಗೆರೆ. ಅಲ್ಲಿಂದ ಒಮ್ಮೆಗೇ ಮೂರು ಪಾಯಿಂಟ್ ಒಂಬತ್ತು. ಇಳಿಯಿತು, ಮತ್ತೆ ಏರಿತು.

ಸ್ನೇಹಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. "ಬಿಡಾಕತ್ತಾವು ದೀಪಿ. ಎರಡೂ ತುಂಡು ಬಿಡಾಕತ್ತಾವು" ಎಂದು ನನ್ನ ಕೈ ಹಿಡಿದಳು. ಅವಳ ಗೈಡ್ ಮೇಡಂ ಫೋನಿನಲ್ಲಿ ಏನೋ ದೊಡ್ಡದಾಗಿ ಹೊಗಳಿದ್ದು ನನಗೂ ಕೇಳಿತು. ಇಪ್ಪತ್ತೆರಡಕ್ಕೆ ಕಾಲೇಜಿನಲ್ಲಿ ಸೆಮಿನಾರು. ಹೊರಗಿನಿಂದ ದೊಡ್ಡವರು ಬರುತ್ತಾರೆ. ಇದು ಸರಿ ಹೋದರೆ ಅಲ್ಲೇ ಪಿಎಚ್‌ಡಿಗೆ ತಗೊಳ್ಳುತ್ತಾರೆ. ಸಂಜೆ ಕೊಟ್ರಪ್ಪ ಸಾಹುಕಾರರು ಫೇಡೆ ಡಬ್ಬಿ ಹಿಡಿದು ಬಂದರು.

ಫೇಡೆ ಚೆನ್ನಾಗಿತ್ತು. ಅದಕ್ಕೂ ಸಿಟ್ಟು ಬಂತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಂದೇ ವಿಚಾರ ಮಾಡಿದೆ. ಅವತ್ತು ಪರೀಕ್ಷೆ ಕೋಣೆಯಲ್ಲಿ ನನ್ನ ಮುಂದಿನ ಬೆಂಚಿನಲ್ಲಿ ಕೂತು ಬೋರ್ಡು ನೋಡಿ ಬರೆದವಳು ಇವಳೇ.

ಜುಲೈ 9, ಬುಧವಾರ

ಸೆಮಿನಾರಿಗೆ ಎರಡು ನಿಮಿಷದ ವಿಡಿಯೋ ಮಾಡಿಕೊಡು ಎಂದು ಹೇಳಿ ಸ್ನೇಹಾ ಹಾವೇರಿಗೆ ಹೋದಳು. ಓಟದ ಚಿತ್ರಗಳನ್ನು ಸಾಲಾಗಿ ಹಾಕಿ, ಎಲ್ಲಿ ತುಂಡು ಬಿಡುತ್ತದೋ ಅಲ್ಲಿ ನಿಧಾನ ಮಾಡೋಣ ಎಂದು ಒಂದೊಂದೇ ಫ್ರೇಮ್ ಸರಿಸಿದೆ.

ಬಿಡುವುದೇ ಇಲ್ಲ.

612ನೇ ಫ್ರೇಮಿನಲ್ಲಿ ಎರಡೂ ತುಂಡು ಡಬ್ಬಿಯ ಬಲಗೋಡೆಯ ಹತ್ತಿರ ಅಂಟಿಕೊಂಡಿವೆ. 613ರಲ್ಲಿ ಒಂದು ಬಲಕ್ಕೆ, ಇನ್ನೊಂದು ಎಡಗೋಡೆಯ ಹತ್ತಿರ. ನಡುವೆ ದಾರಿಯೇ ಇಲ್ಲ. ಐದು ವರ್ಷ ಮದುವೆ ಎಡಿಟ್ ಮಾಡಿದ್ದೇನೆ. ಮದುಮಗಳು ಒಂದು ಫ್ರೇಮಿನಲ್ಲಿ ಮಂಟಪದಲ್ಲಿದ್ದು ಮರು ಫ್ರೇಮಿನಲ್ಲಿ ಊಟದ ಪಂಕ್ತಿಯಲ್ಲಿದ್ದರೆ ಅವಳು ನಡೆದು ಹೋದಳು ಎಂದು ಯಾರೂ ಅನ್ನುವುದಿಲ್ಲ. ಹಿಂಡು ನಾಲ್ಕು ಹೆಜ್ಜೆಯಿಂದ ಇಪ್ಪತ್ತೊಂಬತ್ತಕ್ಕೆ ಹಾರುವುದಿಲ್ಲ.

ಆಮೇಲೆ ನೆನಪಾಯಿತು. ಆ ಡಬ್ಬಿಯ ಗೋಡೆ ನಿಜವಾದ ಗೋಡೆಯಲ್ಲ ಎಂದು ಅವಳೇ ಹೇಳಿದ್ದಳು. ಹಳೆಯ ಮೊಬೈಲಿನ ಹಾವಿನ ಆಟದ ಹಾಗೆ, ಬಲಗೋಡೆ ದಾಟಿದ್ದು ಎಡಗೋಡೆಯಿಂದ ಒಳಗೆ ಬರುತ್ತದೆ. ಒಂದು ತುಂಡು ಗೋಡೆ ದಾಟಿದೆ, ಅಷ್ಟೆ. ಗೋಡೆ ಇಲ್ಲವೆಂದುಕೊಂಡರೆ ಅದು ಇನ್ನೊಂದರ ಪಕ್ಕದಲ್ಲೇ ಇದೆ. ಅಳತೆ ಮಾತ್ರ ಡಬ್ಬಿಯ ಈ ಕೊನೆಯಿಂದ ಆ ಕೊನೆಗೆ ಹಿಡಿದು ಹಿಗ್ಗಿತು ಅನ್ನುತ್ತದೆ. ಮೊದಲ ಓಟದಲ್ಲಿ ಅಳೆಯುವ ಮುಂಚೆ ತುಂಡುಗಳನ್ನು ಒಂದೆಡೆ ಕೂಡಿಸುವ ಒಂದು ಸಾಲು ಟೈಪ್ ಮಾಡಿದ್ದಳು, ಪಕ್ಕದಲ್ಲಿ ಕೂತು ನೋಡಿದ್ದೇನೆ. ಈ ಸಲ ಎರಡು ಭಾಗ ಜೋಡಿಸುವ ಗಡಿಬಿಡಿಯಲ್ಲಿ ಆ ಸಾಲು ಬಿಟ್ಟಿದ್ದಾಳೆ.

ಫೋನು ಟೇಬಲ್ ಮೇಲೆಯೇ ಇತ್ತು. ಮಾಡಲಿಲ್ಲ.

ಅವಳು ಕನ್ನಡಕ ಸರಿಮಾಡಿಕೊಂಡು ಇದನ್ನು ದೊಡ್ಡವರ ಮುಂದೆ ತೋರಿಸುತ್ತಾಳೆ. ಯಾರೋ ಒಬ್ಬರು ಎದ್ದು ಕೇಳುತ್ತಾರೆ. ಆಗ ಅವಳ ಮುಖ ಹೇಗಿರುತ್ತದೆ ಎಂದು ಊರು ಮುಟ್ಟುವವರೆಗೆ ಮನಸ್ಸಿನಲ್ಲೇ ನೋಡಿಕೊಂಡು ಹೋದೆ.

ಜುಲೈ 10, ಗುರುವಾರ

ಅವಳು ಕೇಳಲಿಲ್ಲ. ಕೇಳಿದರೆ ಹೇಳುತ್ತೇನೆ. ಸುಳ್ಳಂತೂ ಹೇಳಿಲ್ಲ.

ಕಡ್ಲಿಗಡಬು ಹುಣ್ಣಿಮೆ. ಎರಡೇ ಕಡಬು ತಿಂದೆ.

ಜುಲೈ 14, ಸೋಮವಾರ

ಬ್ಯಾಡಗಿಗೆ ಆಲ್ಬಮ್ ಕೊಡಲು ಹೋಗಿದ್ದೆ. ಮೆಣಸಿನಕಾಯಿ ಮಾರ್ಕೆಟ್ ದಿನ, ಆದರೆ ಸೀಸನ್ ಅಲ್ಲ, ಕೋಲ್ಡ್ ಸ್ಟೋರೇಜಿನ ಮಾಲಷ್ಟೇ ಬಂದಿತ್ತು. ಆದರೂ ಮೂಗಿಗೆ ಸೆರಗು ಬೇಕಾಯಿತು. ಕೊಟ್ರಪ್ಪ ಸಾಹುಕಾರರು ಅಂಗಡಿಯಿಂದಲೇ ಕೂಗಿ ಕರೆದು ಕೂರಿಸಿದರು. ನಾಲ್ಕು ಜನ ರೈತರು ಇದ್ದರು. ಮಗಳು ಹುಳಕ್ಕೆ ಔಷಧ ಕಂಡುಹಿಡಿದ ಕಥೆಯನ್ನು ಅವರಿಗೆ ಹೇಳಿದರು, ಬಹುಶಃ ಆ ದಿನ ಹತ್ತನೇ ಸಲ. ಪ್ರೋಟೀನು ಎಂಬಲ್ಲಿ ಎರಡು ಕೈ ಜೋಡಿಸಿ, ಬೇವು ಎಂಬಲ್ಲಿ ಪಟ್ ಎಂದು ಬಿಡಿಸುತ್ತಾರೆ.

"ಈಕಿ ಮಷೀನ್ ಮ್ಯಾಲೇ ಆಗಿದ್ದು ನೋಡ್ರಿ" ಎಂದು ನನ್ನನ್ನು ತೋರಿಸಿದರು.

ಮೋಟೆಬೆನ್ನೂರಿನ ನಿಜಲಿಂಗಪ್ಪ ಎನ್ನುವ ಹಿರಿಯರು ಅಲ್ಲಿಯವರೆಗೆ ಮಾತಾಡಿರಲಿಲ್ಲ. ನನ್ನ ಕಡೆ ತಿರುಗಿದರು. "ಖರೇ ಏನವಾ ತಂಗಿ? ಸಸಿ ಹಚ್ಚಾಕತ್ತೇನಿ. ಈ ಸಲ ಅಂಗಡಿ ಔಷಧ ಬಿಟ್ಟು ಬೇವಿನ ಬೀಜಾ ಕುಟ್ಟಿ ಹೊಡದ್ರ ನಡೀತೈತೇನು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ನನಗೇನೂ ಗೊತ್ತಿಲ್ರಿ" ಎಂದೆ.

ಜುಲೈ 16, ಬುಧವಾರ

ಎರಡು ದಿನದಿಂದ ಊಟ ಸೇರುತ್ತಿಲ್ಲ. ಬರೆದೇ ಬಿಡುತ್ತೇನೆ.

ಏಳು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯಲ್ಲಿ ಕೋಣೆಯ ಮೇಲ್ವಿಚಾರಕರು ಒಂದು ಅಂಕದ ಉತ್ತರಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು ಒರೆಸಿದರು. ಎಲ್ಲರೂ ಬರೆದುಕೊಂಡೆವು. ಅರ್ಧ ಗಂಟೆಗೆ ಸ್ಕ್ವಾಡ್ ಬಂತು. ಯಾರಾದರೂ ಉತ್ತರ ಹೇಳಿಕೊಟ್ಟರೇ ಎಂದು ಕೇಳಿದರು. ಇಪ್ಪತ್ತನಾಲ್ಕು ಜನ ತಲೆ ತಗ್ಗಿಸಿದರು. ನಾನು ಎದ್ದು ನಿಂತೆ. ನೀನೂ ಬರೆದೆಯಾ ಎಂದರು. ಹೌದು ಎಂದೆ. ನನ್ನದೊಂದೇ ಪೇಪರ್ ರದ್ದಾಯಿತು. ಸ್ನೇಹಾ ತಿರುಗಿ ನೋಡಲಿಲ್ಲ. ಅವಳ ಎರಡು ಜಡೆ ಮಾತ್ರ ನೆನಪಿದೆ. ಜೂನ್‌ನಲ್ಲಿ ಮತ್ತೆ ಪರೀಕ್ಷೆ ಕಟ್ಟು ಎಂದು ಅವ್ವ ಅತ್ತಳು. ಖರೇ ಹೇಳಿದವಳು ಯಾಕೆ ಎರಡು ಸಲ ಬರೆಯಬೇಕು ಎಂದು ಹಟ ಮಾಡಿದೆ. ಆಮೇಲೆ ಶಾಲೆಯ ಕಡೆಗೆ ಹೋಗಲಿಲ್ಲ.

ಏನಿಲ್ಲದಿದ್ದರೂ ನಾನು ಸುಳ್ಳು ಹೇಳುವವಳಲ್ಲ ಎಂಬುದೊಂದು ನನ್ನ ಹತ್ತಿರ ಇತ್ತು. ಸ್ನೇಹಾಳ ಹತ್ತಿರ ಇಲ್ಲದ್ದು ಅದೊಂದೇ ಎಂದು ಏಳು ವರ್ಷ ಅಂದುಕೊಂಡೆ. ಸೋಮವಾರ ಅದನ್ನು ಮೆಣಸಿನಕಾಯಿ ಅಂಗಡಿಯಲ್ಲಿ ಬಿಟ್ಟು ಬಂದೆ.

ಜುಲೈ 18, ಶುಕ್ರವಾರ

ಸ್ನೇಹಾ ವಿಡಿಯೋ ನೋಡಲು ಬಂದಳು. ಸುಮ್ಮನೆ ಹಾಕಿದೆ. 613 ಬಂದಾಗ ಅವಳು ಹುಬ್ಬು ಗಂಟಿಕ್ಕಿ ನಿಲ್ಲಿಸು ಎಂದಳು. ಈಗ ಗೊತ್ತಾಗುತ್ತದೆ ಎಂದುಕೊಂಡೆ.

"ಇಲ್ಲಿ ಜಂಪ್ ಹೊಡ್ಯಾಕತ್ತೈತಲ್ಲ, ನಿನ್ನ ಎಡಿಟಿಂಗಿನಾಗ ಏನೋ ಆಗೇತಿ. ಇಂಥಾ ಫ್ರೇಮ್ ಎಲ್ಲಾ ಕತ್ತರಿಸಿಬಿಡು. ಮದುವಿ ವಿಡಿಯೋದಾಗ ಅಲುಗಾಡಿದ್ದು ತಗೀತಿಯಲ್ಲ, ಹಂಗ."

ಮದುವೆ ವಿಡಿಯೋದಲ್ಲಿ ನಾನು ಏನೇನನ್ನೋ ಕತ್ತರಿಸಿದ್ದೇನೆ. ಬೀಗರ ಜಗಳ, ಮುನಿದ ಮಾವ, ಅಳುವ ಮದುಮಗ. ಇದನ್ನು ಕತ್ತರಿಸಲು ಕೈ ಬರಲಿಲ್ಲ.

"ನನ್ನ ಎಡಿಟಿಂಗ್ ಅಲ್ಲ ಅದು. ನಿನ್ನ ಓಟದಾಗ ಹಂಗ ಐತಿ" ಎಂದೆ. ತುಂಡು ಗೋಡೆ ದಾಟಿದ್ದು, ಕೂಡಿಸುವ ಸಾಲು ಬಿಟ್ಟದ್ದು, ಎಲ್ಲ ಹೇಳಿದೆ.

ಅವಳು ಆ ಸಾಲು ಟೈಪ್ ಮಾಡಿ ಮತ್ತೆ ಅಳೆದಳು. ಏಳು ನಿಮಿಷ ಹಿಡಿಯಿತು. ಗೆರೆ ಮೊದಲಿನಿಂದ ಕೊನೆಯವರೆಗೆ ಎರಡು ಪಾಯಿಂಟ್ ಎರಡು. ಬೇವು ಏನೂ ಮಾಡಿರಲಿಲ್ಲ.

ಆಮೇಲೆ ಕೇಳಿದಳು. "ಯಾವಾಗ ನೋಡಿದಿ?"

ಇವತ್ತೇ ಎನ್ನಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಒಂಬತ್ತನೇ ತಾರೀಖು."

"ಇವತ್ತು ಹದಿನೆಂಟು."

"ಹೂಂ."

"ಯಾಕ ಹೇಳಲಿಲ್ಲ?"

"ಎಲ್ಲಾರ ಮುಂದ ನಿನ್ನ ಮಾನ ಹೋಗ್ಲಿ ಅಂತ."

ಅವಳು ಬೈಯಲಿಲ್ಲ. ಒಳಗಿನ ಶೂಟಿಂಗ್ ಕೋಣೆಗೆ ಹೋಗಿ ಜಲಪಾತದ ಪರದೆಯ ಮುಂದೆ ನೆಲದ ಮೇಲೆ ಕೂತಳು. ಬಾಗಿಲಿನಿಂದ ನೋಡಿದೆ, ಒಳಗೆ ಹೋಗಲಿಲ್ಲ. ಹೋಗುವಾಗ ಒಂದೇ ಮಾತು ಹೇಳಿದಳು. ಬೇವಿನದೇ ಇನ್ನೊಂದು ಅಂಶ ಹಚ್ಚಿ ನೋಡಬೇಕು ಎಂದು ಇಟ್ಟುಕೊಂಡಿದ್ದಳಂತೆ, ಒಂಬತ್ತು ದಿನವಿದ್ದರೆ ಅದನ್ನು ಮೂರು ಸಲ ಓಡಿಸಬಹುದಿತ್ತಂತೆ.

ಅವಳ ಮಾನ ಹೋದರೆ ಹೇಗಿರುತ್ತದೆ ಎಂದು ಒಂಬತ್ತು ದಿನ ನೋಡಿಕೊಂಡಿದ್ದೆ. ಹಾಗಿರಲಿಲ್ಲ.

ಜುಲೈ 19, ಶನಿವಾರ

ಬರುವುದಿಲ್ಲ ಎಂದುಕೊಂಡಿದ್ದೆ. ಒಂಬತ್ತಕ್ಕೇ ಬಂದಳು. ಸ್ಟೂಲಿನ ಮೇಲೆ ಕೂತಳು. ಕುರ್ಚಿ ಖಾಲಿ ಇತ್ತು, ನಾನೂ ಕೂರಲಿಲ್ಲ. ಎರಡನೇ ಅಂಶದ ಓಟ ಶುರು ಮಾಡಿದಳು. ಮೂರು ದಿನ ಬೇಕು.

ಮಷೀನು ನಾಳೆ ಬಿಡಬೇಕಿತ್ತು. ಶ್ರಾವಣದ ಮೊದಲ ಮದುವೆಯವರ ಪ್ರಿ-ವೆಡ್ಡಿಂಗ್ ವಿಡಿಯೋ ಬಂದು ಬಿದ್ದಿದೆ. ಅದನ್ನು ಹಳೆಯ ಕಂಪ್ಯೂಟರಿನಲ್ಲಿ ಮಾಡುತ್ತೇನೆ ಎಂದು ಶಶಿಯಣ್ಣನಿಗೆ ಹೇಳಿದೆ.

"ಅದು ಆನ್ ಆಗೂದ್ರಾಗ ಅವರಿಗೆ ಮಕ್ಕಳಾಗಿರ್ತಾವು" ಎಂದ. ಆದರೂ ಬೇಡ ಅನ್ನಲಿಲ್ಲ.

ಜುಲೈ 20, ಭಾನುವಾರ

ಮೋಟೆಬೆನ್ನೂರಿಗೆ ಹೋಗಿ ಬಂದೆ. ಹೈವೇಯಲ್ಲಿ ಇಳಿದು ಮೂವರನ್ನು ಕೇಳಿ ನಿಜಲಿಂಗಪ್ಪನವರ ಹೊಲ ಹುಡುಕಿದೆ. ಸಸಿ ಹಚ್ಚುತ್ತಿದ್ದರು. ಅವತ್ತು ಗೊತ್ತಿಲ್ಲ ಎಂದದ್ದು ಸುಳ್ಳು, ಗೊತ್ತಿತ್ತು, ಆ ಔಷಧದ ಸುದ್ದಿ ಖರೇ ಅಲ್ಲ ಎಂದೆ.

ಮುದುಕ ಸೊಂಟ ನೆಟ್ಟಗೆ ಮಾಡಿಕೊಂಡು ನಕ್ಕ. "ಕೊಟ್ರಪ್ಪನ ಮಾತ ಕೇಳಿ ಬೆಳಿ ಮಾಡಿದ್ರ ನಾ ಇಷ್ಟ ದಿನ ಉಳೀತಿದ್ನೇನವಾ. ಇದನ್ನ ಹೇಳಾಕ ದೇವರಗುಡ್ಡದಿಂದ ಬಂದ್ಯಾ? ನೀರ ಕುಡಿ ಬಾ."

ಕುಡಿದೆ. ಮನೆಗೆ ಬಂದು ಮೂರು ರೊಟ್ಟಿ ತಿಂದೆ.

ಜುಲೈ 22, ಮಂಗಳವಾರ

ಓಟ ಬೆಳಿಗ್ಗೆ ಆರಕ್ಕೆ ಮುಗಿಯುವುದಿತ್ತು. ಮೊದಲ ಬಸ್ಸಿಗೆ ಬಂದು ಶಟರ್ ಎತ್ತಿದೆ. ತುಂಡು ಕೂಡಿಸಿ, ಅಳೆದು, ಗ್ರಾಫ್ ಕಳಿಸಿದೆ. ಎಲ್ಲ ನಾನೇ ಮಾಡಿದೆ, ಸೆಮಿನಾರು ಇವತ್ತೇ, ಅವಳು ಹಾವೇರಿಯಿಂದ ಫೋನಿನಲ್ಲಿದ್ದಳು. ಎರಡು ಪಾಯಿಂಟ್ ಎರಡರಿಂದ ನಿಧಾನವಾಗಿ ಎರಡು ಪಾಯಿಂಟ್ ನಾಲ್ಕಕ್ಕೆ ಬಂದು ನಿಂತಿದೆ. ಒಂದೇ ಓಟ. ಏನೂ ಹೇಳಲು ಬರುವುದಿಲ್ಲ ಎಂದಳು. ಆದರೆ ಇದು ಹಾರಿಲ್ಲ, ನಡೆದಿದೆ ಎಂದೆ. ಹೌದು ಎಂದಳು. ನಾಲ್ಕು ದಿನದ ಮೇಲೆ ಅವಳು ನನ್ನ ಮಾತಿಗೆ ಹೌದು ಎಂದದ್ದು.

ಇನ್ನೆರಡು ಸಲ ಓಡಿಸಿದರೆ ಗೊತ್ತಾಗುತ್ತದೆ. ಎರಡನೆಯದಕ್ಕೆ ಪರಮಾಣುಗಳಿಗೆ ಶುರುವಿನ ವೇಗ ಬೇರೆ ಕೊಡಬೇಕು. ಡಬ್ಬಿಯನ್ನೂ ಸ್ವಲ್ಪ ದೊಡ್ಡದು ಮಾಡಿದರೆ ಹೇಗೆ?

ಜುಲೈ 23, ಬುಧವಾರ

ಕೊಟ್ರಪ್ಪ ಸಾಹುಕಾರರು ಬಂದಿದ್ದರು. ಫೇಡೆ ಇಲ್ಲ. ನಿನ್ನೆ ಮಗಳು ಎಲ್ಲರ ಮುಂದೆ ನಿಂತು, ಹಿಗ್ಗಿದ ಗ್ರಾಫನ್ನೇ ಮೊದಲು ತೋರಿಸಿ, ಇದು ನನ್ನ ತಪ್ಪು ಎಂದು ಹೇಳಿ, ಆಮೇಲೆ ಸರಿಯಾದದ್ದು ತೋರಿಸಿದಳಂತೆ. ಪಿಎಚ್‌ಡಿ ವಿಚಾರ ಇನ್ನೊಂದು ವರ್ಷ ನೋಡೋಣ ಅಂದರಂತೆ. ಅಂಗಡಿಯಲ್ಲಿ ಹೇಳಿದವರಿಗೆಲ್ಲ ಈಗ ಅವರೇ ಮತ್ತೆ ಹೇಳಬೇಕು.

"ಹುಳಾ ಸಾಯಲಿಲ್ಲ ತಂಗಿ. ಮಾರ್ಕೆಟ್‌ನ್ಯಾಗ ನನ್ನ ಮಾತ ಸತ್ತು" ಎಂದರು.

ನಾನು ತಡ ಮಾಡಿದ್ದು ಅವರಿಗೆ ಗೊತ್ತಿಲ್ಲವೆಂದು ಕಂಡಿತು. ಹೇಳಿದೆ. ಅವರು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದರು. ಪಿಂಗಾಣಿ ಕಪ್ಪು ತೊಳೆದಿಟ್ಟೆ.

ಜುಲೈ 26, ಶನಿವಾರ

ಶ್ರಾವಣ. ಬೆಳಿಗ್ಗೆಯಿಂದ ಮೂರು ಮದುವೆಯವರು ಬಂದು ಹೋದರು. ನಾಲ್ಕು ಗಂಟೆಗೆ ಸ್ನೇಹಾ ಪ್ರಾಜೆಕ್ಟ್ ವರದಿಯ ಪೆನ್ ಡ್ರೈವ್ ತಂದಳು. ಐದು ಪ್ರತಿ ಪ್ರಿಂಟು, ಬೈಂಡಿಂಗು.

ಪ್ರಿಂಟ್ ಕೊಡುವ ಮುಂಚೆ ಮೂವತ್ತೊಂದನೇ ಪುಟ ತೆಗೆದು ಓದು ಎಂದಳು. ಇಂಗ್ಲಿಷಿನಲ್ಲಿತ್ತು, ಬೆರಳಿಟ್ಟು ನಿಧಾನಕ್ಕೆ ಓದಿದೆ. ಅಳತೆಯಲ್ಲಿ ಆದ ತಪ್ಪನ್ನು ದೀಪಿಕಾ ಗಿರಿಯಪ್ಪ ಎಂಬವರು ಜುಲೈ ಒಂಬತ್ತರಂದು ಗುರುತಿಸಿದರು, ನನಗೆ ತಿಳಿಸಿದ್ದು ಜುಲೈ ಹದಿನೆಂಟರಂದು, ಎಂದಿತ್ತು.

"ಮೇಡಂ ಒಂದ ತಾರೀಖು ಸಾಕು ಅಂದಾರ. ಎರಡು ಹಾಕಿದ್ರ ಓದಿದವ್ರು ನಡುವ ಏನಾತು ಅಂತ ಕೇಳ್ತಾರಂತ" ಎಂದಳು. ಸ್ಕ್ರೀನ್ ಕಡೆಗೇ ನೋಡುತ್ತಿದ್ದಳು. "ಒಂಬತ್ತು ತಗದು ಹದಿನೆಂಟ ಅಷ್ಟ ಇಡಲೇನು? ನೀ ಹೆಂಗ ಅಂತಿ ಹಂಗ."

ಫ್ಯಾನು ತಿರುಗುತ್ತಿತ್ತು. ಶಶಿಯಣ್ಣ ಹೊರಗೆ ಯಾರಿಗೋ ನಗಿ, ನಗಿ ಎನ್ನುತ್ತಿದ್ದ.

"ಇರ್ಲಿ" ಎಂದೆ. "ಖರೇ ಐತಿ."

ಅವಳು ತಲೆಯಾಡಿಸಿದಳು. ಆಮೇಲೆ, ಬ್ಯಾಗಿನ ಜಿಪ್ಪು ಎಳೆಯುತ್ತ, ಅವತ್ತು ತಾನೂ ಎದ್ದು ನಿಲ್ಲಬೇಕಾಗಿತ್ತು ಎಂದಳು. ಯಾವತ್ತು ಎಂದು ನಾನು ಕೇಳಲಿಲ್ಲ. ಮುಂದಿನ ಆಷಾಢದವರೆಗೆ ಕಾಯುವುದೇಕೆ, ಧನುರ್ಮಾಸದಲ್ಲೂ ಮದುವೆ ಇರುವುದಿಲ್ಲ, ಉಳಿದೆರಡು ಓಟ ಆಗ ಹಾಕೋಣ ಎಂದೆ.

ಕೊನೆಯ ಪುಟದಲ್ಲಿ ಸಹಿ ಮಾಡಿದಳು. ಅವಳ ಸಹಿ ಚೆಂದ ಇದೆ. ಅದೊಂದು ಈಗಲೂ ಹೊಟ್ಟೆ ಉರಿಸುತ್ತದೆ.

ಮೊದಲ ಪ್ರತಿಯಲ್ಲಿ ಮೂವತ್ತೊಂದನೇ ಪುಟದ ಇಂಕು ತುಸು ಕಲಸಿತು, ಹರಿದು ಮತ್ತೆ ತೆಗೆದೆ. ಐದೂ ಪ್ರತಿ ನೋಡಿದೆ. ಐದರಲ್ಲೂ ಎರಡೂ ತಾರೀಖು ಸ್ಪಷ್ಟವಾಗಿ ಬಂದಿವೆ.